ರದ್ದಾದ ವರ್ಷ

ಚಹಾ ಆರಿ ಮೇಲೆ ಕೆನೆ ಕಟ್ಟಿತ್ತು. ಮಕ್ತುಂಸಾಬರು ಅದನ್ನು ನೋಡುತ್ತ ಕೂತಿದ್ದರು, ಕುಡಿಯುವ ಮನಸ್ಸು ಮಾಡಲಿಲ್ಲ. ಇವತ್ತು ಹೊತ್ತು ಇಳಿದು ಅಸರ್ ನಮಾಜು ಮುಗಿದ ಮೇಲೆ ರಬಕವಿಯ ಮನೆಯಲ್ಲಿ ಹಿರಿಯರು ಕೂಡುವವರಿದ್ದರು. ಅಣ್ಣ ಲಾಲಸಾಬ ಮಳೆಗಾಲದ ಶುರುವಿನಲ್ಲಿ ತೀರಿಕೊಂಡಿದ್ದ. ಅವನ ಹೆಂಡತಿ ಜೈತೂನಬಿ ಇದ್ದತ್ತು ಕೂತಿದ್ದಳು. ಗಂಡ ಸತ್ತ ಹೆಣ್ಣು ಹೊಸಿಲು ದಾಟದೆ ಗಂಡನ ಮನೆಯಲ್ಲೇ ಕೂಡಬೇಕಾದ ಆ ನಾಲ್ಕು ತಿಂಗಳು ಹತ್ತು ದಿನ ನಿನ್ನೆಗೆ ಮುಗಿದಿತ್ತು. ಇನ್ನು ಆಕೆ ಅಲ್ಲಿ ಇರಬೇಕೋ ಮನೆ ಬಿಡಬೇಕೋ ಎಂಬುದನ್ನು ಹೇಳಬೇಕಾದವರು ಮಕ್ತುಂಸಾಬರು. ಯಾಕೆಂದರೆ ಹತ್ತಿ ಹಿಂಜಿ ಗಾದಿ ಹೊಲಿಯುವ ನದಾಫರ ಆ ಬಳಗದಲ್ಲಿ ಅರಬ್ಬಿ ಓದಿ ಅರ್ಥ ಹೇಳಬಲ್ಲವರು ಅವರೊಬ್ಬರೇ. ಹುನ್ನೂರಿನ ಸಾಲಿಯಲ್ಲಿ ಕನ್ನಡ ಕಲಿಸಿ ರಿಟೈರಾಗಿ ಜಮಖಂಡಿಯಲ್ಲಿ ಮನೆ ಮಾಡಿದ್ದರು, ಎಲ್ಲರೂ ಮಾಸ್ತರ ಅಂತಲೇ ಕರೆಯುತ್ತಿದ್ದರು. ಹೇಳಬೇಕಾದ ಮಾತು ಮಾತ್ರ ಅವರು ಜೀವಮಾನವಿಡೀ ಹೇಳುತ್ತ ಬಂದದ್ದಕ್ಕೆ ಪೂರಾ ಉಲ್ಟಾ ಇತ್ತು. "ಚಹಾ ಕುಡೀತೀರೋ, ಅದಕ್ಕ ಪಾಠಾ ಹೇಳತೀರೋ?" ಎಂದು ಹೆಂಡತಿ ಕಪ್ಪು ಎತ್ತಿಕೊಂಡು ಹೋದಳು. ಅದಕ್ಕೂ ಅವರಿಗೆ ಸಿಟ್ಟು ಬಂತು, ಆದರೆ ಯಾರ ಮೇಲೆ ಅಂತ ತಿಳಿಯಲಿಲ್ಲ.

ಹೋದ ವಾರ ರಬಕವಿಗೆ ಹೋದಾಗ ಜೈತೂನಬಿ ಬಾಗಿಲ ಪರದೆಯ ಆಚೆಯಿಂದ ಮಾತಾಡಿದ್ದಳು. ಇದ್ದತ್ತು ಕೂತ ಮೇಲೆ ಮೈದುನನ ಎದುರಿಗೂ ಬರುವ ಹಾಗಿಲ್ಲ. ನಲವತ್ತು ವರ್ಷ ಅದೇ ಪಡಸಾಲೆಯಲ್ಲಿ ರೊಟ್ಟಿ ಬಡಿಸಿದ ಹೆಂಗಸು, ಈಗ ಒಂದು ಹಳೇ ಚಾದರದ ಹಿಂದೆ ಬರೀ ದನಿಯಾಗಿದ್ದಳು. "ನನಗ ಈ ಮನಿ ಬ್ಯಾಡರಿ ಮಾಸ್ತರ. ಒಂದು ವರ್ಷ ಇರಾಕ ಬಿಟ್ರ ಸಾಕು. ಮಳಿಗಾಲ ಅವರಿಲ್ಲದ ಕಳದೇನಿ. ಥಂಡಿ ದಿನಾ ಉಳದಾವು, ಬ್ಯಾಸಗಿ ಉಳದೈತಿ, ರೋಜಾದ ಉಪಾಸ ಉಳದೈತಿ. ಎಲ್ಲಾ ಒಂದೊಂದ ಸಲ ಇಲ್ಲೇ ಕೂತು ನೋಡಬೇಕು. ಆವಾಗ ಅವರು ಹೋದ್ರು ಅಂತ ನನ್ನ ಮನಸ್ಸು ಒಪ್ಪತೈತಿ. ಆಮ್ಯಾಲ ಬೀಳಗಿಗೆ ನನ್ನ ತಂಗಿ ಕಡೆ ಹೋಗತೇನಿ, ನೀವು ಹೇಳೂದ ಬ್ಯಾಡ." ಆಮೇಲೆ, "ಒಂದು ವರ್ಷ ಹೊರಗ ಹಾಕಬಾರದು ಅಂತ ಕಿತಾಬಿನ್ಯಾಗ ಐತಂತಲ್ಲರಿ? ಅವರು ಹೇಳತಿದ್ರು. ನೀವು ಇಲ್ಲ ಅಂತಿದ್ರಂತ," ಎಂದಿದ್ದಳು. ಹಂಗಿಸುವ ದನಿಯಲ್ಲ ಅದು. ಖರೇನೇ ಕೇಳುತ್ತಿದ್ದಳು. ಮಕ್ತುಂಸಾಬರು, ನೋಡೂಣು ಭಾಬಿ, ಎಂದು ಹೇಳಿ ಎದ್ದು ಬಂದಿದ್ದರು. ಚಪ್ಪಲಿ ಮೆಟ್ಟುವಾಗ ಎಡಗಾಲಿನದು ಬಲಗಾಲಿಗೆ ಹೋಗಿತ್ತು.

ಇಲ್ಲ ಅಂತ ಅವರು ಎಂದೂ ಅಂದಿರಲಿಲ್ಲ. ಇದೆ, ಆದರೆ ರದ್ದಾಗಿದೆ, ಅಂದಿದ್ದರು. ಅಣ್ಣ ತಮ್ಮರ ಈ ವಾದ ಶುರುವಾದದ್ದು ಜಮಖಂಡಿಯಲ್ಲಿ, ಪೀರಸಾಬ ಉಸ್ತಾದರ ಕಟ್ಟೆಯ ಮೇಲೆ. ಆಗ, ರಬಕವಿಗೆ ಬರುವ ಮೊದಲು, ಅಪ್ಪ ಜಮಖಂಡಿಯ ಪೇಟೆಯಲ್ಲಿ ಗಾದಿ ಹಾಕುತ್ತಿದ್ದ. ಮುಂಜಾನೆ ಸಾಲಿಗೆ ಮೊದಲು ಇಬ್ಬರೂ ಕಟ್ಟೆಗೆ ಓಡಬೇಕು. ಲಾಲನ ಟೊಪ್ಪಿಗೆಯ ತುಂಬ ಹತ್ತಿಯ ಎಳೆ ಅಂಟಿರುತ್ತಿತ್ತು, ಉಸ್ತಾದರು ಅದನ್ನು ಒಂದೊಂದಾಗಿ ಆರಿಸಿ ತೆಗೆಯುತ್ತ ಪಾಠ ಹೇಳುತ್ತಿದ್ದರು. ಕುರಾನಿನಲ್ಲಿ ವಿಧವೆಯರ ಮಾತು ಬರುವ ಅಧ್ಯಾಯದಲ್ಲಿ ಎರಡು ಆಯತು, ಎರಡು ವಾಕ್ಯಗಳಿವೆ. ಒಂದರಲ್ಲಿ, ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಕಾಯಬೇಕು ಅಂತಿದೆ. ಇನ್ನೊಂದರಲ್ಲಿ, ಸಾಯುವವನು ಹೆಂಡತಿಗೆ ಒಂದು ವರ್ಷದ ಅನ್ನ-ಆಶ್ರಯ ಬರೆದಿಡಲಿ, ಅವಳನ್ನು ಹೊರಗೆ ಹಾಕಬಾರದು, ತಾನಾಗಿ ಹೋದರೆ ಹೋಗಲಿ ಎಂಬ ಅರ್ಥದ ಮಾತಿದೆ. ವರ್ಷದ ಹುಕುಂ ಮೊದಲು ಇಳಿದದ್ದು, ನಾಲ್ಕು ತಿಂಗಳಿನದು ಬಂದು ಅದನ್ನು ರದ್ದು ಮಾಡಿತು, ಇದು ಬಹಳ ಮಂದಿ ಪಂಡಿತರ ಮಾತು, ಎಂದರು ಉಸ್ತಾದರು. ಮಕ್ತುಂ ಪಟ್ಟಂತ ಬಾಯಿಪಾಠ ಮಾಡಿಬಿಟ್ಟ. ಲಾಲ ಬೆರಳಿಟ್ಟು ಪುಟ ನೋಡಿದ. "ರದ್ದು ಮಾಡಿದ್ದು ಮ್ಯಾಲ ಐತಿ, ರದ್ದಾದದ್ದು ಕೆಳಗ ಐತಿ. ಮಗಾ ಮೊದಲ ಹುಟ್ಟಿ ಆಮ್ಯಾಲ ಅಪ್ಪ ಹುಟ್ಟಿದಂಗಾತಲ್ಲರಿ? ಅದೂ ಹೋಗಲಿ, ರದ್ದಾಗಿದ್ರ ಅದನ್ಯಾಕ ಇನ್ನೂ ಓದೂದು?" ಉಸ್ತಾದರು ಹೊಡೆಯಲಿಲ್ಲ. ಹಿಂದೆ ಒಬ್ಬರು ಇದೇ ಪ್ರಶ್ನೆಯನ್ನು ಕಿತಾಬನ್ನು ಒಟ್ಟುಗೂಡಿಸಿದ ಖಲೀಫರಿಗೆ ಕೇಳಿದ್ದರಂತೆ, ಯಾವುದನ್ನೂ ಅದಿದ್ದ ಜಾಗದಿಂದ ನಾನು ಅಲುಗಿಸುವವನಲ್ಲ ಅಂತ ಅವರು ಹೇಳಿದರಂತೆ, ಅಂದರು. ರದ್ದೇ ಆಗಿಲ್ಲ ಅನ್ನುವ ಕೆಲವು ಪಂಡಿತರೂ ಇದ್ದಾರೆ ಅಂತ ಸಣ್ಣ ದನಿಯಲ್ಲಿ ಸೇರಿಸಿದರು. ಆ ಸಣ್ಣ ದನಿಯ ಮಾತನ್ನು ಲಾಲ ಹಿಡಿದುಕೊಂಡ. ಸಾಯುವ ತನಕ ಬಿಡಲಿಲ್ಲ.

ಸಾಲಿ ಬಿಟ್ಟ ಮೇಲೆ ಲಾಲ ಅಂಗಡಿಗೆ ಕೂತ, ಮಕ್ತುಂ ಕಾಲೇಜಿಗೆ ಹೋದ, ಆದರೆ ರಜೆ ಬಂದರೆ ಇಬ್ಬರೂ ಒಂದೇ ಗಾದಿಯ ಎರಡು ಕಡೆ ಕೂಡುತ್ತಿದ್ದರು. ಗಾದಿ ಹೊಲಿಯುವ ಸೂಜಿ ಮೊಳಕೈಯುದ್ದ ಇರುತ್ತದೆ. ಲಾಲ ಆ ಕಡೆಯಿಂದ ಚುಚ್ಚಬೇಕು, ಮಕ್ತುಂ ಈ ಕಡೆಯಿಂದ ಎಳೆದು ತಿರುಗಿ ಚುಚ್ಚಬೇಕು. ಹೊಸ ಹತ್ತಿಯ ವಾಸನೆ, ಮೂಗಿನಲ್ಲಿ ಎಳೆ, ಹೊರಗೆ ಪೇಟೆಯ ಗದ್ದಲ. ಸೂಜಿಯ ಜೊತೆಗೆ ಮಾತೂ ಆಚೀಚೆ ಹೋಗುತ್ತಿತ್ತು. "ದೇವರು ಮನಸ್ಸು ಬದಲಿ ಮಾಡತಾನೇನಲೇ?" ಚುಚ್ಚುತ್ತಿದ್ದ ಲಾಲ. "ದೇವರು ಬದಲಾಗೂದಿಲ್ಲ. ಮನಶಾನ ತ್ರಾಣ ನೋಡಿ ಹುಕುಂ ಕೊಡತಾನ. ಬ್ಯಾನಿ ಬಿದ್ದಂವಗ ವೈದ್ಯ ಮೊದಲ ಗಂಜಿ ಕುಡಿ ಅಂತಾನ, ಆಮ್ಯಾಲ ರೊಟ್ಟಿ ತಿನ್ನು ಅಂತಾನ," ಎಳೆಯುತ್ತಿದ್ದ ಮಕ್ತುಂ. "ರೊಟ್ಟಿ ತಿನ್ನಾಕತ್ತಿದ ಮ್ಯಾಲ ಗಂಜಿ ಹರಾಮ ಆತೇನು?" ನಮಾಜಿಗೆ ನಿಲ್ಲುವ ದಿಕ್ಕು ಬದಲಾದ ಮಾತು, ಕುಡಿತವನ್ನು ಮೂರು ಮೆಟ್ಟಿಲಲ್ಲಿ ನಿಷೇಧಿಸಿದ ಮಾತು, ಹುಕುಂ ಬದಲಾದದ್ದೆಲ್ಲವೂ ಆ ಗಾದಿಯ ಮೇಲೆ ಹಾದುಹೋಗಿದ್ದವು. ಮದುವೆಯ ಗಾದಿ ಅಂತ ಗಿರಾಕಿ ಬಾಗಿಲಲ್ಲಿ ಕಾಯುತ್ತಿದ್ದ, ಇವರಿಗೆ ಎಚ್ಚರ ಇರುತ್ತಿರಲಿಲ್ಲ. ಯಾರಾದರೂ ದೂರದಿಂದ ನೋಡಿದರೆ ಹೊಡೆದಾಡುತ್ತಾರೆ ಅಂತಲೇ ತಿಳಿಯಬೇಕು. ಮಕ್ತುಂಸಾಬರಿಗೆ ಅಷ್ಟು ಸುಖ ಮುಂದೆ ಯಾವ ಸಭೆಯಲ್ಲೂ ಸಿಗಲಿಲ್ಲ.

ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೂ ಅದೇ ತಲೆಯಲ್ಲಿತ್ತು. ಕಬ್ಬಿನ ಸೀಜನ್ನು, ಎರಡು ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರು ಮುಂದೆ ತೆವಳುತ್ತಿತ್ತು. ಡ್ರೈವರ ಹಾರ್ನು ಹೊಡೆದು ಹೊಡೆದು ಸೋತು ಬೀಡಿ ಹಚ್ಚಿದ. ಹಿಂದಿನ ಸೀಟಿನಿಂದ ಯಾರೋ ಹೆಗಲು ಮುಟ್ಟಿದರು. ಮಾಳಿಂಗರಾಯ, ಕುರಿಯ ಉಣ್ಣೆ ಮಾರಲು ಬಂದು ಲಾಲನ ಅಂಗಡಿಯಲ್ಲಿ ಕೂಡುತ್ತಿದ್ದ ಹಳೇ ದೋಸ್ತ, ಬೀರೇಶ್ವರನ ಡೊಳ್ಳಿನ ಪದ ಹಾಡುವವ. ತಲೆಯ ಪಟಗಾ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದ. "ಮಾಸ್ತರ, ಒಂದು ಕೇಳತೇನಿ, ಸಿಟ್ಟ ಮಾಡಬ್ಯಾಡ್ರಿ. ನಿಮ್ಮಿಬ್ಬರದು ಕಡೀಕ ಯಾರು ಗೆದ್ರಿ?" ಎಂದ. ಮಕ್ತುಂಸಾಬರು ನಗಲು ನೋಡಿದರು. "ನನಗೇನ ತಿಳೀತಿದ್ದಿಲ್ಲ ಬಿಡ್ರಿ. ನಮ್ಮ ಪದದಾಗೂ ಹಂಗಽ ಐತಿ. ನಮ್ಮಪ್ಪ ಒಂದು ನಮೂನಿ ಹಾಡತಿದ್ದ, ನಮ್ಮ ಮಾವ ಒಂದು ನಮೂನಿ. ನಾ ಎರಡೂ ಹಾಡತೇನಿ. ಆದ್ರ ನೀವು ಜೋರ ಮಾತಾಡಾಕ ಹತ್ತಿದ್ರಂದ್ರ ಲಾಲಸಾಬ ನನ್ನ ಕಡೆ ನೋಡಿ ಕಣ್ಣ ಹೊಡೀತಿದ್ದ." ಹಾಡು ಬೇರೆ, ದೇವರ ಕಲಾಮು ಬೇರೆ, ಎಂದು ತಿದ್ದಬೇಕೆನಿಸಿತು ಅವರಿಗೆ. ಜೀವಮಾನದ ಚಟ ಅದು. ಬಾಯಿ ತೆರೆದವರು ಮುಚ್ಚಿದರು. ಲಾಲ ಕಣ್ಣು ಹೊಡೆಯುತ್ತಿದ್ದದ್ದು ಅವರಿಗೆ ಗೊತ್ತಿರಲಿಲ್ಲ.

ಹೋದ ವರ್ಷ ಮಕ್ತುಂಸಾಬರು ಮಾತಾಡಿದ ಮುಧೋಳದ ಸಭೆಗೂ ಲಾಲ ಬಂದಿದ್ದ. ಆಗ ಮೊಬೈಲಿನಲ್ಲಿ ಯಾರೋ ಒಬ್ಬ ಕೂಗಾಡಿದ ವಿಡಿಯೋ ಎಲ್ಲ ಕಡೆ ಓಡಾಡುತ್ತಿತ್ತು, ಇವರ ಕುರಾನಿನಲ್ಲಿ ಒಂದು ಮಾತು ಇನ್ನೊಂದನ್ನು ತಿನ್ನುತ್ತದೆ, ಇದು ಬದಲಾದ ಕಿತಾಬು ಅಂತ. ಅದಕ್ಕೆ ಈ ಕಡೆಯವರ ಬೈಗುಳದ ವಿಡಿಯೋ, ಅದಕ್ಕೆ ಮತ್ತೊಂದು. ಹುಡುಗರು ತಲೆ ಕೆಡಿಸಿಕೊಂಡು ಬಂದು ಮಾಸ್ತರ ಹತ್ತಿರ ಕೇಳಿದರು. ಅವರು ಮೈಕಿನ ಮುಂದೆ ನಿಂತು ಗಟ್ಟಿಸಿ ಹೇಳಿದರು: ಇಲ್ಲಿ ಗೊಂದಲವೇ ಇಲ್ಲ, ಕಾಲ ಕಾಲಕ್ಕೆ ಹುಕುಂ ಬಂತು, ಮೊದಲಿನದು ರದ್ದು, ಆಮೇಲಿನದು ಕಾಯಂ, ವಿಧವೆಯ ವರ್ಷದ ಮಾತೇ ಅದಕ್ಕೆ ಉದಾಹರಣೆ. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಲಾಲ ಮಫ್ಲರ್ ಸುತ್ತಿಕೊಂಡು ಕೂತಿದ್ದ. ತಿರುಗಿ ಬರುವಾಗ ಇಬ್ಬರೂ ಒಂದೇ ಜೀಪಿನಲ್ಲಿದ್ದರು. ಮಹಾಲಿಂಗಪುರ ದಾಟಿದ ಮೇಲೆ, ಬೆಲ್ಲದ ವಾಸನೆಯಲ್ಲಿ, "ಛಲೋ ಮಾತಾಡಿದಿ. ಖರೆ ಅಲ್ಲ ಅಷ್ಟ," ಎಂದ. ಎಷ್ಟು ಉರಿದಿತ್ತು ಆವತ್ತು. ನಿನಗೇನು ಗೊತ್ತು, ಹತ್ತಿ ಹಿಂಜೂದು ಬಿಟ್ಟು, ಅಂತ ಬಾಯಿತನಕ ಬಂದದ್ದನ್ನು ನುಂಗಿದ್ದರು. ಲಾಲನಿಗೆ ಅದು ಕೇಳಿಸಿದ ಹಾಗೆಯೇ ಇತ್ತು. ಸುಮ್ಮನೆ ಇವರ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದ.

ರಬಕವಿಯ ಮನೆಯ ಅಂಗಳದಲ್ಲಿ ತಾಡಪತ್ರಿ ಹೊದಿಸಿದ ಮಗ್ಗಗಳು ನಿಂತಿದ್ದವು. ಬನಹಟ್ಟಿಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು ಕಿರಿಯ ತಮ್ಮ ನಬಿಸಾಬ ಮಳೆಗಾಲದ ಮೊದಲೇ ತಂದಿಟ್ಟದ್ದು. ಹಿಸೆಯಾದಾಗ ಮನೆ ಅವನ ಪಾಲಿಗೆ ಬಂದಿತ್ತು, ಅಂಗಡಿ ಲಾಲನಿಗೆ. ತನಗ ನೌಕರಿ ಐತಲ್ಲ ಅಂತ ಮಾಸ್ತರು ಏನೂ ಕೇಳಿರಲಿಲ್ಲ. ನಬಿಸಾಬ ಬನಹಟ್ಟಿಯಲ್ಲೇ ಬಾಡಿಗೆಗೆ ಇದ್ದ, ಲಾಲ ಇಲ್ಲಿದ್ದ, ಯಾರೂ ಯಾರನ್ನೂ ಏಳು ಅಂದಿರಲಿಲ್ಲ. ಲಾಲನಿಗೆ ಮಕ್ಕಳಿರಲಿಲ್ಲ. ನಬಿಸಾಬ ಕೆಟ್ಟವನೇನಲ್ಲ. ಅಣ್ಣ ಹಾಸಿಗೆ ಹಿಡಿದಾಗ ದವಾಖಾನೆಗೆ ಎತ್ತಿಕೊಂಡು ಓಡಿದವನು ಅವನೇ. ಆದರೆ ಮನೆ ಖಾಲಿಯಾಗದೆ ಮಗ್ಗ ಹೂಡುವ ಹಾಗಿರಲಿಲ್ಲ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತಿತ್ತು, ಬಂದು ಹೋಗುವಾಗೆಲ್ಲ ತಾಡಪತ್ರಿ ಎತ್ತಿ ನೋಡಿ ಹೋಗುತ್ತಿದ್ದ. ಜೈತೂನಬಿ ಒಳಗಿನಿಂದ ಆ ಸಪ್ಪಳ ಕೇಳುತ್ತಿದ್ದಳು.

ಪಡಸಾಲೆಯಲ್ಲಿ ಮಕ್ತುಂಸಾಬರು ಎಂದಿನಂತೆ ಗೋಡೆಗೆ ಒರಗಿಸಿದ ಲೋಡುದಿಂಬಿನ ಕಡೆ ನಡೆದರು. ಅಲ್ಲಿ ಮಹಾಲಿಂಗಪುರದಿಂದ ಕರೆಸಿದ ಮೌಲಾನಾ ಕೂತಿದ್ದರು, ಇನ್ನೂ ಮೂವತ್ತು ದಾಟಿರದ ಮನುಷ್ಯ, ದೊಡ್ಡ ಮದರಸಾದಲ್ಲಿ ಓದಿದವರು. ಅವರು ಏಳಲು ಹೋದರು. ನಬಿಸಾಬ, "ಕೂಡ್ರಿ ಕೂಡ್ರಿ, ನಮ್ಮ ಮಾಸ್ತರ ಎಲ್ಲ್ಯಾದ್ರೂ ಕೂಡತಾರ," ಎಂದ. ಮಕ್ತುಂಸಾಬರು ಬಾಗಿಲ ಹತ್ತಿರ, ಪರದೆಗೆ ಬೆನ್ನು ಹಾಕಿ, ಬರೀ ಚಾಪೆಯ ಮೇಲೆ ಕೂತರು. ಬೆನ್ನಿಗೆ ಆಧಾರ ಇರಲಿಲ್ಲ. ಪರದೆಯ ಆಚೆ ಬಳೆಯಿಲ್ಲದ ಕೈ ನೆಲ ಒರೆಸಿದ ಸಪ್ಪಳವಾಯಿತು. ಬಳಗದ ಇಬ್ಬರು ಹಿರಿಯರು ಕೆಮ್ಮಿ ಗಂಟಲು ಸರಿ ಮಾಡಿಕೊಂಡರು. ಮಾಸ್ತರು ಶುರು ಮಾಡಿದರು. ಜೈತೂನಬಿ ಒಂದು ವರ್ಷ ಕೇಳುತ್ತಾಳೆ. ಕಿತಾಬಿನಲ್ಲಿ ಒಂದು ವರ್ಷದ ಮಾತಿದೆ. ಅದು ರದ್ದಾಗಿಲ್ಲ, ನಾಲ್ಕು ತಿಂಗಳಿನದು ಅವಳು ಕಾಯಲೇಬೇಕಾದ ಕಾಲ, ವರ್ಷದ್ದು ಅವಳಿಗೆ ಕೊಟ್ಟ ಹಕ್ಕು, ಅನ್ನುವ ಪಂಡಿತರೂ ಹಿಂದಿನ ಕಾಲದಿಂದ ಇದ್ದಾರೆ. ತಮ್ಮದೇ ದನಿ ತಮಗೆ ಪರಕೀಯವಾಗಿ ಕೇಳುತ್ತಿತ್ತು. ಪ್ರತಿ ವಾಕ್ಯವೂ ಲಾಲನದು. ಅದನ್ನು ಮುರಿಯುವ ಉತ್ತರವೂ ಜೊತೆಜೊತೆಗೇ ಒಳಗೆ ಏಳುತ್ತಿತ್ತು, ತಾವೇ ಕಟ್ಟಿ ಇಟ್ಟಿದ್ದ ಉತ್ತರ.

"ಮಾಸ್ತರ," ಎಂದ ನಬಿಸಾಬ, ಬಹಳ ಸಮಾಧಾನದಿಂದ. "ಮುಧೋಳದಾಗ ಸಾವಿರ ಮಂದಿ ಮುಂದ ನೀನಽ ರದ್ದು ಅಂದಿ. ನಾ ಮುಂದಿನ ಸಾಲಿನ್ಯಾಗ ಕೂತು ಕೇಳೇನಿ. ಜೀವನಾ ಪೂರ್ತಿ ಅಣ್ಣನ ಕೂಡ ಜಗಳಾಡಿದಿ. ಅಂವ ಇರೂತನಕ ರದ್ದಿತ್ತು, ಈಗ ಚಾಲೂ ಆತೇನು?" ಯಾರೂ ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ಹಲಗೆಯ ಮುಂದೆ ಲೆಕ್ಕ ತಪ್ಪಿದ ಹುಡುಗನ ಹಾಗೆ ಮಾಸ್ತರು ಮೌಲಾನಾ ಕಡೆ ನೋಡಿದರು. ಮೌಲಾನಾ ತಲೆ ತಗ್ಗಿಸಿ, "ಮಾಸ್ತರ ಹೇಳಿದ ಅಭಿಪ್ರಾಯ ಐತ್ರಿ, ಸುಳ್ಳಲ್ಲ. ಆದ್ರ ಹೆಚ್ಚಿನವರು ರದ್ದು ಅಂತಾರ. ನಾವು ಹೆಚ್ಚಿನವರ ಹಿಂದ ಹೋಗವರು," ಎಂದರು. ಮುಗಿದೇಹೋಯಿತು. ಪರದೆಯ ಹಿಂದೆ ಸಪ್ಪಳ ನಿಂತಿತ್ತು. ಹಿರಿಯರಲ್ಲೊಬ್ಬರು ಆಗಲೇ ಬೀಳಗಿಗೆ ಯಾರು ಬಿಟ್ಟು ಬರುತ್ತೀರಿ ಅಂತ ಕೇಳತೊಡಗಿದ್ದರು. ಲಾಲ ಇದ್ದಿದ್ದರೆ ಈಗ ಸೂಜಿ ಎಲ್ಲಿ ಚುಚ್ಚುತ್ತಿದ್ದ? ಗಂಜಿ ಹರಾಮ ಆತೇನು, ಅನ್ನುತ್ತಿದ್ದ. ಬರೀ ತಕರಾರು ಅಂತ ಅವರು ಅದಕ್ಕೆ ಒಮ್ಮೆಯೂ ಸರಿಯಾಗಿ ಉತ್ತರ ಕೊಟ್ಟಿರಲಿಲ್ಲ.

"ತಡೀರಿ," ಎಂದರು ಮಕ್ತುಂಸಾಬರು. "ರದ್ದು ಅಂತಽ ಹಿಡೀರಿ. ನಾ ಮುಧೋಳದಾಗ ಅಂದದ್ದು ಅಂದೇನಿ, ಒಲ್ಲೆ ಅನ್ನೂದಿಲ್ಲ. ರದ್ದಾತಂದ್ರ ಏನಾತು? ಒಂದು ವರ್ಷ ಇಟಗೋಲೇಬೇಕು ಅನ್ನೂ ಜುಲುಮಿ ಹೋತು. ಇಟಗೊಂಡ್ರ ಪಾಪ ಅಂತ ಎಲ್ಲಿ ಐತಿ? ಮೌಲಾನಾ, ನೀವು ಹೇಳ್ರಿ. ಒಬ್ಬಾಂವ ತನ್ನ ಅಣ್ಣನ ಹೆಂಡತೀನ ಖುಷಿಲೆ ಒಂದು ವರ್ಷ ಮನ್ಯಾಗ ಇರು ಅಂದ್ರ, ಹೆಚ್ಚಿನವರು ಬ್ಯಾಡ ಅಂತಾರೇನು?" ಮೌಲಾನಾ ತಲೆ ಎತ್ತಿದರು. ಮುಖದಲ್ಲಿ ಸಣ್ಣ ನಗೆ ಬಂದಿತ್ತು. "ಇಲ್ಲರಿ. ಯಾರೂ ಅನ್ನೂದಿಲ್ಲ. ಅದು ಬಾಳ ದೊಡ್ಡ ಸವಾಬಿನ ಕೆಲಸ, ಪುಣ್ಯದ ಕೆಲಸ." ಮಾಸ್ತರು ತಮ್ಮನ ಕಡೆ ತಿರುಗಿದರು. "ನಬೀ, ಹಂಗಾರ ಇನ್ನ ಕಿತಾಬಿನ ಮ್ಯಾಲ ಹಾಕಬ್ಯಾಡ. ಮಗ್ಗಕ್ಕ ಜಾಗಾ ಬೇಕು, ಏಳು ಅಂತ ನೀನಽ ಅಕಿಗೆ ಹೇಳು. ಅಕಿ ಇಲ್ಲೇ ಅದಾಳ." ಅವರು ಪರದೆಯ ಎದುರಿನಿಂದ ಸರಿದು ಕೂತರು. ಚಾದರ ಅಲುಗಲಿಲ್ಲ. ನಬಿಸಾಬ ಅದನ್ನು ನೋಡಿದ, ಅಂಗಳ ನೋಡಿದ, ಮೂಗು ಒರೆಸಿಕೊಂಡ. ಜೈತೂನಬಿ ಅವನ ಮದುವೆಯಲ್ಲಿ ಅವನಿಗೆ ಅರಿಷಿಣ ಹಚ್ಚಿದವಳು. ಕೊನೆಗೆ, "ನಾ ಏನ ಹೊರಗ ಹಾಕತೇನಿ ಅಂದಿದ್ನೇನು? ಮುಂದಿನ ಮಳಿಗಾಲದ ತನಕ ಇರಲಿ," ಎಂದು ಎದ್ದು ಹೋಗಿ ಅಂಗಳದಲ್ಲಿ ತಾಡಪತ್ರಿಯ ಹಗ್ಗ ಬಿಗಿದು ಕಟ್ಟತೊಡಗಿದ.

ಎಲ್ಲರೂ ಹೋದ ಮೇಲೆ ಪಡಸಾಲೆ ಖಾಲಿಯಾಯಿತು. ದೂರದಲ್ಲಿ ಮಗ್ಗಗಳ ಖಟಪಟ ಒಂದೇ ಸವನೆ ಕೇಳುತ್ತಿತ್ತು, ಆ ಊರಲ್ಲಿ ಅದು ನಿಲ್ಲುವುದೇ ಇಲ್ಲ. ಗೆದ್ದ ಖುಷಿ ಮಾಸ್ತರಿಗೆ ಮೈತುಂಬ ಬಂತು, ಪ್ರಾಯದ ಹುಡುಗನಿಗೆ ಬರುವಂಥದ್ದು. ಅರವತ್ತು ವರ್ಷದಲ್ಲಿ ಹೊಳೆಯದ ಮಾತು ಹೊಳೆದಿತ್ತು, ಅದು ಲಾಲನದೂ ಅಲ್ಲ ತಮ್ಮದೂ ಅಲ್ಲ, ಎರಡರ ನಡುವೆ ಎಲ್ಲೋ ಇತ್ತು. ಈಗಲೇ ಅವನಿಗೆ ಹೇಳಬೇಕು, ಅವನು ಹುಬ್ಬು ಗಂಟಿಕ್ಕಿ, ಅಲ್ಲಲೇ ಮಕ್ತುಂ, ಅಂತ ಶುರು ಮಾಡಬೇಕು, ಎಂದು ಮನಸ್ಸು ಅಂಗಡಿಯ ಕಡೆ ಓಡಿಯೇ ಬಿಟ್ಟಿತು. ಹೊಸಿಲ ತನಕ ಹೋದ ಮೇಲೆ ನೆನಪಾಯಿತು. ಅಲ್ಲೇ ನಿಂತರು.

"ಬಾಳ ಉಪಕಾರ ಆತ್ರಿ ಮಾಸ್ತರ," ಎಂದಳು ಜೈತೂನಬಿ ಪರದೆಯ ಆಚೆಯಿಂದ. ಇದ್ದತ್ತು ಮುಗಿದಿತ್ತು, ಪರದೆ ಸರಿಸಬಹುದಿತ್ತು, ಅವಳಿಗೆ ರೂಢಿ ತಪ್ಪಿರಲಿಲ್ಲ.

ಅವರು ತಿರುಗಿ ಬಂದು ಚಾಪೆಯ ಮೇಲೆ ಕೂತರು. "ಭಾಬಿ, ಲಾಲ ಇದಕ್ಕ ಒಪ್ಪತಿದ್ದನೇನು?"

"ಒಪ್ಪತಿದ್ದಿಲ್ಲ ತಗೋರಿ. ನೀವು ಹೂಂ ಅಂದ್ರ ಅವರು ಊಹೂಂ. ಏನರ ತಕರಾರ ತಗದಽ ತಗೀತಿದ್ರು."

"ಅದಽ, ಏನ ತಗೀತಿದ್ದ?"

"ನನಗದು ಬರೂದಿಲ್ಲರಿ. ನೀವು ಏನ ಮಾತಾಡತಿದ್ರಿ ಅಂತ ನಾ ಒಂದಿನಾನೂ ಕೇಳಿಲ್ಲ. ಒಳಗ ಬರೇ ದನಿ ಕೇಳತಿತ್ತು. ಇಬ್ಬರೂ ಅದಾರ ಅಂತ ತಿಳೀತಿತ್ತು, ನನಗಷ್ಟು ಸಾಕಾಗತಿತ್ತು."

ಹೊರಗೆ ನಬಿಸಾಬ ಗಾಡಿ ಚಾಲೂ ಮಾಡಿ, ಜಮಖಂಡಿ ಬಸ್ಸಿಗೆ ಬಿಡತೇನಿ ಬಾ ಅಂತ ಕೂಗಿದ. ಮಕ್ತುಂಸಾಬರು ಏಳಲಿಲ್ಲ. ಸಾಲಿಯಲ್ಲೂ ಮನೆಯಲ್ಲೂ ಯಾರು ಏನೇ ತಪ್ಪು ಹೇಳಿದರೂ ತಿದ್ದದೆ ಬಿಟ್ಟವರಲ್ಲ ಅವರು. ಈಗ ಪರದೆಗೆ ಹತ್ತಿರ ಸರಿದು, ಮೆಲ್ಲಗೆ, ಬೇಡುವ ಹಾಗೆ, "ತಪ್ಪ ಇದ್ರೂ ಅಡ್ಡಿಯಿಲ್ಲ ಭಾಬಿ. ಅಂವ ಅಂದಂಗ ಒಂದು ತಕರಾರ ಹೇಳ್ರಿ," ಎಂದರು.